ಹಿಮದ ಮುಖವೂ ಹಿಮದ ಹೆಜ್ಜೆಯೂ

ಮಗನ ಮನೆಗೋ ಮಗಳ ಮನೆಗೋ ಎಂದು ಬೇಸಗೆಯಲ್ಲಿ ಸಿಯಾಟಲಿಗೂ ವ್ಯಾಂಕೂವರಿಗೂ ಹೋಗಿ ಎರಡು ಮೂರು ತಿಂಗಳು ನಿಲ್ಲುವ ನಮ್ಮ ಕಡೆಯ ಹಿರಿಯರು, ಅಲ್ಲಿಂದ ಅಲಾಸ್ಕಕ್ಕೆ ಹೋಗಿಬರುವುದು ಅಸಾಧ್ಯವೇನಲ್ಲವೆಂದು ತಿಳಿದೊಡನೆ ಕೇಳುವ ಪ್ರಶ್ನೆ ಒಂದೇ: ಹಡಗಿನಲ್ಲಿ ಹೋಗುವುದು ಮೇಲೋ, ಕಾರಿನಲ್ಲಿ ಹೋಗುವುದು ಮೇಲೋ? 2012ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಆ ನಾಡನ್ನು ಕಂಡುಬಂದ ನಾನು ಕೊಡಬಲ್ಲ ಉತ್ತರ ಇಷ್ಟೆ: ಮೊದಲು ಹಡಗು, ಆಮೇಲೆ ಕಾರು; ಎರಡರಲ್ಲಿ ಒಂದನ್ನು ಬಿಟ್ಟವರು ಹಿಮನದಿಯ ಅರ್ಧವನ್ನು ಮಾತ್ರ ಕಂಡವರು. ಈ ವಾರದ ಅಂಕಣವನ್ನು ಆ ಮಾತಿನ ಸಮರ್ಥನೆಗೆಂದೇ ಮೀಸಲಿಟ್ಟಿದ್ದೇನೆ.

ಹಡಗನ್ನು ಆರಿಸುವಾಗ ಗಮನಿಸತಕ್ಕದ್ದು ಅದರ ವೈಭವವನ್ನಲ್ಲ, ದಾರಿಯನ್ನು. ಪರದೇಶದ ಧ್ವಜವನ್ನು ಹೊತ್ತ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ನೇರವಾಗಿ ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಕೂಡದೆಂದು 1886ರಷ್ಟು ಹಿಂದಿನ ಶಾಸನವೊಂದು ವಿಧಿಸಿರುವುದರಿಂದ, ಸಿಯಾಟಲಿನಿಂದ ಹೊರಡುವ ಹಡಗುಗಳು ಕೆನಡದ ಬಂದರೊಂದನ್ನು ಮುಟ್ಟಿ, ಸುತ್ತಿ, ಹೊರಟಲ್ಲಿಗೇ ಮರಳುತ್ತವೆ. ವ್ಯಾಂಕೂವರಿನಿಂದ ಹೊರಡುವ ಹಡಗುಗಳಲ್ಲಿ ಕೆಲವು ಮಾತ್ರ ಏಳು ದಿನ ಉತ್ತರಾಭಿಮುಖವಾಗಿ ನಡೆದು ವಿಟಿಯರ್ ಅಥವಾ ಸೀವರ್ಡ್ ಎಂಬ ಊರಿನಲ್ಲಿ ಯಾತ್ರಿಕನನ್ನು ಇಳಿಸಿ ಬಿಡುತ್ತವೆ. ಅಲ್ಲಿಂದಾಚೆಗೆ ರಸ್ತೆಯುಂಟು. ನಮ್ಮ ಕೆಲಸಕ್ಕೆ ಬೇಕಾದದ್ದು ಈ ಏಕಮುಖ ಪ್ರಯಾಣವೇ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಇದರಲ್ಲಿ ಕೆನಡದ ವೀಸಾವೂ ಅಮೆರಿಕದ ವೀಸಾವೂ ಬೇಕಾಗುವುದೆಂಬುದನ್ನು ಮರೆಯದೆ, ಆ ಕಾಗದಪತ್ರಗಳನ್ನು ತಿಂಗಳುಗಳ ಮುಂಚಿತವಾಗಿಯೇ ಸಿದ್ಧಮಾಡಿಕೊಳ್ಳುವುದು ಲೇಸು.

ಅಲಾಸ್ಕದ ಆಗ್ನೇಯ ತೀರಕ್ಕೆ ಹಡಗು ಅನಿವಾರ್ಯವೆಂಬುದಕ್ಕೆ ಭೂಗೋಳವೇ ಸಾಕ್ಷಿ ಹೇಳುತ್ತದೆ. ರಾಜ್ಯದ ರಾಜಧಾನಿಯಾದ ಜೂನೋ ನಗರಕ್ಕೆ ಹೊರಗಿನಿಂದ ಒಂದು ರಸ್ತೆಯೂ ಇಲ್ಲ; ಬೆನ್ನಿಗೆ ಹಿಮಕ್ಷೇತ್ರ, ಎದುರಿಗೆ ಕಡಲು. ದ್ವೀಪಗಳಿಗೂ ಭೂಖಂಡಕ್ಕೂ ನಡುವೆ ಹಡಗು ಹಾಯುವ ಜಲಮಾರ್ಗ ಎಷ್ಟೋ ಕಡೆ ನದಿಯಷ್ಟು ಕಿರಿದು. ಕೆನಡದ ಸೀಮರ್ ನ್ಯಾರೋಸ್ ಎಂಬ ಇಕ್ಕಟ್ಟಿನಲ್ಲಿ ನೀರಿನೊಳಗೆ ಅಡಗಿದ್ದ ರಿಪಲ್ ರಾಕ್ ಎಂಬ ಬಂಡೆ ನೂರಕ್ಕೂ ಮಿಕ್ಕ ನಾವೆಗಳಿಗೆ ಕೇಡು ತಂದು, ಕಡೆಗೆ 1958ರ ಏಪ್ರಿಲ್ 5ರಂದು, ಕಡಲಿನಡಿಯಲ್ಲಿ ಸುರಂಗ ತೋಡಿ ತುಂಬಿದ ಸಿಡಿಮದ್ದಿಗೆ ಬಲಿಯಾಯಿತು. ಬಂಡೆ ಹೋದರೂ ಸೆಳವು ಹೋಗಿಲ್ಲವಾದ್ದರಿಂದ ದೊಡ್ಡ ಹಡಗುಗಳು ಈಗಲೂ ಉಬ್ಬರವಿಳಿತಗಳ ಸಂಧಿಕಾಲವನ್ನು ಕಾದು ಆ ಇಕ್ಕಟ್ಟನ್ನು ದಾಟುತ್ತವೆ. ಯಾತ್ರೆಯ ಮೊದಲ ದಿನವೇ ಇಷ್ಟು ದೊಡ್ಡ ಯಂತ್ರ ನೀರಿನ ಸಮಯಕ್ಕೆ ತಲೆಬಾಗುವುದನ್ನು ಕಂಡ ಪ್ರಯಾಣಿಕನಿಗೆ ಮುಂದಿನ ಕೆಲವು ದಿನ ಕೈಗಡಿಯಾರದ ಅವಶ್ಯಕತೆ ತಾನಾಗಿಯೇ ಕಡಮೆಯಾಗುತ್ತದೆ.

ಇಷ್ಟೆಲ್ಲವೂ ಪೀಠಿಕೆ, ಹಡಗಿನ ಯಾತ್ರೆಯ ಸಾರವಿರುವುದು ಗ್ಲೇಷಿಯರ್ ಬೇ ಎಂಬ ಕೊಲ್ಲಿಯಲ್ಲಿ. 1794ರಲ್ಲಿ ಜಾರ್ಜ್ ವ್ಯಾಂಕೂವರನ ನಾವಿಕರು ಈ ತೀರವನ್ನು ಅಳೆದಾಗ ಇಲ್ಲಿ ಕೊಲ್ಲಿಯೆಂದು ಕರೆಯತಕ್ಕ ಕೊಲ್ಲಿಯೇ ಇರಲಿಲ್ಲ. ಸುಮಾರು 5 ಮೈಲಿ ಒಳಚಾಚಿದ ನೀರಿನ ಹಿಂದೆ ಹಿಮದ ಮಹಾಪ್ರಾಕಾರವೊಂದು ನಿಂತಿದ್ದಿತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ದೋಣಿಯಲ್ಲಿ ಕುಳಿತು ಬಂದಾಗ ಆ ಪ್ರಾಕಾರ 40 ಮೈಲಿಗೂ ಹೆಚ್ಚು ಹಿಂದೆ ಸರಿದಿದ್ದಿತು. ಇಂದಿನ ಹಡಗು 65 ಮೈಲಿ ಒಳಕ್ಕೆ ಹೋಗಿ ಮಾರ್ಜರಿ ಹಿಮನದಿಯ ಎದುರಿಗೆ ನಿಲ್ಲುತ್ತದೆ; ಎಂದರೆ, ಕಾಫಿಯ ಬಟ್ಟಲನ್ನು ಹಿಡಿದು ನಾವು ತೇಲಿಹೋಗುವ ಅಷ್ಟು ದೂರವೂ ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರ ಕಾಲಕ್ಕೆ ಗಟ್ಟಿ ಹಿಮವಾಗಿದ್ದಿತು. ಆ ಹಿಮ ಬರುವುದಕ್ಕೂ ಮುನ್ನ ಇಲ್ಲಿ ಊರು ಕಟ್ಟಿಕೊಂಡಿದ್ದು, ಅದು ಮುನ್ನುಗ್ಗಿ ಬಂದಾಗ ನೆಲೆ ತಪ್ಪಿ ಚದುರಿದ ಹೂನಾ ಟ್ಲಿಂಗಿಟ್ ಜನರ ಕುಲಮನೆಯೊಂದು 2016ರಲ್ಲಿ ಕೊಲ್ಲಿಯ ಬಾಗಿಲಿನ ಬಾರ್ಟ್ಲೆಟ್ ಕೋವಿನಲ್ಲಿ ಮತ್ತೆ ಎದ್ದು ನಿಂತಿದೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಯಾತ್ರಾ ಹಡಗುಗಳಿಗೆ ಇಲ್ಲಿ ಪ್ರವೇಶವಿಲ್ಲವಾದಕಾರಣ, ಹಡಗಿನ ಕಾರ್ಯಕ್ರಮದಲ್ಲಿ ಈ ಕೊಲ್ಲಿಯ ಹೆಸರಿದೆಯೇ ಎಂಬುದನ್ನು ನೋಡಿಕೊಂಡೇ ಟಿಕೆಟ್ಟು ಕೊಳ್ಳತಕ್ಕದ್ದು.

ಬಹಳ ಮಂದಿ ಹಿಮನದಿಯ ಮುಖ ಕಾಣುವವರೆಗೆ ಒಳಗೆ ಬೆಚ್ಚಗೆ ಕುಳಿತಿದ್ದು ಅನಂತರ ಹೊರಗೆ ಬರುವರು. ಇದರಿಂದ ಆಗುವ ನಷ್ಟ ದೊಡ್ಡದು. ಸ್ವೆಟರಿನ ಮೇಲೊಂದು ಮಳೆಯಂಗಿ, ತಲೆಗೊಂದು ಉಣ್ಣೆಯ ಟೋಪಿ ಹಾಕಿಕೊಂಡು, ಕೊರಳಿಗೆ ದುರ್ಬೀನು ತೂಗಿಸಿಕೊಂಡು, ಕೊಲ್ಲಿಯ ಬಾಯಿಯಿಂದಲೇ ದಡಗಳನ್ನು ನೋಡುತ್ತ ನಿಲ್ಲಬೇಕು. ಬಾಯಲ್ಲಿ ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳ ದಟ್ಟ ಕಾಡು. ಒಳಕ್ಕೆ ಹೋದಂತೆ ಕಾಡು ಕುಳ್ಳಾಗಿ ಆಲ್ಡರ್ ಮತ್ತು ವಿಲೋ ಪೊದೆಗಳಾಗುತ್ತದೆ. ಪೊದೆ ಕಳೆದು ಪಾಚಿಯಾಗುತ್ತದೆ. ಪಾಚಿ ಕಳೆದು ಬರಿಯ ಕಲ್ಲಾಗುತ್ತದೆ. ಕಲ್ಲಿನ ಕೊನೆಗೆ ಹಿಮ. ಹಿಮ ಬಿಟ್ಟುಹೋದ ನೆಲವನ್ನು ಸಸ್ಯಗಳು ಯಾವ ಕ್ರಮದಿಂದ ಆಕ್ರಮಿಸುತ್ತವೆಂಬುದನ್ನು ವಿಲಿಯಂ ಕೂಪರ್ ಎಂಬ ಸಸ್ಯಶಾಸ್ತ್ರಜ್ಞ 1916ರಿಂದ ಇಲ್ಲಿಯೇ ಅಭ್ಯಾಸಮಾಡಿದ; ಈ ಪ್ರದೇಶ 1925ರಲ್ಲಿ ರಾಷ್ಟ್ರೀಯ ಸ್ಮಾರಕವಾದದ್ದರಲ್ಲಿ ಆತನ ಪ್ರಯತ್ನ ಮುಖ್ಯವಾದದ್ದು. ಹಡಗು ಮುಂದಕ್ಕೆ ಚಲಿಸುತ್ತಿದ್ದರೂ ನೋಟಕನು ಕಾಲದಲ್ಲಿ ಹಿಂದಕ್ಕೆ ಹೋಗುತ್ತಿರುತ್ತಾನೆ.

ಮಾರ್ಜರಿಯ ಮುಖ ಸುಮಾರು ಒಂದು ಮೈಲಿ ಅಗಲ. ಅದರ ಹಿಂದೆ 21 ಮೈಲಿಯುದ್ದದ ಒಡಲು. ಬಿರುಕುಗಳಲ್ಲಿ ಕಾಣುವ ಆ ನೀಲಿ ಆಕಾಶದ ಪ್ರತಿಬಿಂಬವಲ್ಲ: ಭಾರಕ್ಕೆ ಸಿಕ್ಕಿ ಗಾಳಿಯ ಗುಳ್ಳೆಗಳನ್ನೆಲ್ಲ ಕಳೆದುಕೊಂಡು ಘನವಾದ ಹಿಮ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಮಾತ್ರ ಹೊರಕ್ಕೆ ಬಿಡುತ್ತದೆ. ಮನೆಯಷ್ಟು ದೊಡ್ಡ ಹೋಳೊಂದು ಮುಖದಿಂದ ಕಳಚಿ ಬೀಳುವುದು ಮೊದಲು ಸದ್ದಿಲ್ಲದೆ ಕಣ್ಣಿಗೆ ಕಾಣುತ್ತದೆ. ಕ್ಷಣ ಕಳೆದ ಮೇಲೆ, ಮಲೆನಾಡಿನ ಮಳೆಗಾಲದಲ್ಲಿ ಕಣಿವೆಯಿಂದ ಕಣಿವೆಗೆ ಉರುಳುವ ಗುಡುಗಿನಂತೆ, ಶಬ್ದ ಬರುತ್ತದೆ. ಟ್ಲಿಂಗಿಟ್ ಜನ ಅದನ್ನು ಬಿಳಿಯ ಗುಡುಗೆಂದು ಕರೆಯುವರು. ಹಡಗು ನಿಂತಲ್ಲೇ ಮೆಲ್ಲನೆ ತಿರುಗಿ ಎರಡು ಮಗ್ಗುಲಿನವರಿಗೂ ದರ್ಶನವನ್ನು ಒದಗಿಸುವುದಾದ್ದರಿಂದ ಬಾಲ್ಕನಿಯ ಕೋಣೆಗೆ ಹೆಚ್ಚು ಹಣ ತೆರಬೇಕಾಗಿಲ್ಲ. ಮುಂದಿನ ತೆರೆದ ಡೆಕ್ಕೇ ಎಲ್ಲಕ್ಕಿಂತ ಒಳ್ಳೆಯ ಆಸನ.

ಹಡಗಿನ ಹಿರಿಮೆ ಇದು. ಅದರ ಮಿತಿಯೂ ಇಲ್ಲಿಯೇ ಇದೆ. 65 ಮೈಲಿಯನ್ನು ಒಂದು ಬೆಳಗಿನಲ್ಲಿ ದಾಟಿದವನಿಗೆ ಎರಡು ಶತಮಾನಗಳ ತೂಕ ತಿಳಿಯುವುದಿಲ್ಲ. ಹಡಗು ಹಿಮದ ಮುಖವನ್ನು ತೋರಿಸುತ್ತದೆ. ಅದು ಹಿಂದಿಟ್ಟ ಹೆಜ್ಜೆಗಳನ್ನು ಎಣಿಸಬೇಕಾದರೆ ನೆಲಕ್ಕಿಳಿದು ನಡೆಯಬೇಕು. ಕಾರಿನ ಅಗತ್ಯ ಬೀಳುವುದು ಈ ಕಾರಣಕ್ಕೆ.

ವಿಟಿಯರಿನಲ್ಲಿ ಇಳಿದವರು ಊರನ್ನು ಬಿಡಬೇಕಾದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲಿಗಾಗಿ ಕೊರೆದ, 2000ದಲ್ಲಿ ಮೋಟಾರು ವಾಹನಗಳಿಗೂ ತೆರೆದ, ಎರಡೂವರೆ ಮೈಲಿಯ ಸುರಂಗವನ್ನು ಹಾಯಬೇಕು. ರೈಲಿಗೂ ಕಾರಿಗೂ, ಹೋಗುವವರಿಗೂ ಬರುವವರಿಗೂ ಒಂದೇ ಓಣಿಯಾದ್ದರಿಂದ ಸರದಿ ಕಾಯುವುದು ಅನಿವಾರ್ಯ. ನನ್ನ ಸಲಹೆಯೆಂದರೆ, ರೈಲಿನಲ್ಲೋ ಬಸ್ಸಿನಲ್ಲೋ 60 ಮೈಲಿ ದೂರದ ಆಂಕರೇಜಿಗೆ ಹೋಗಿ, ಅಲ್ಲಿ ಕಾರನ್ನು ಬಾಡಿಗೆಗೆ ಹಿಡಿದು, ಸುತ್ತು ಮುಗಿದ ಮೇಲೆ ಅಲ್ಲಿಯೇ ಒಪ್ಪಿಸುವುದು. ಒಂದು ಊರಿನಲ್ಲಿ ಹಿಡಿದು ಇನ್ನೊಂದರಲ್ಲಿ ಬಿಡುವವರು ತೆರಬೇಕಾದ ಹೆಚ್ಚಿನ ಹಣ ಇದರಿಂದ ಉಳಿಯುತ್ತದೆ. ಕರಾರುಪತ್ರಗಳಲ್ಲಿ ಹಲವು ಜಲ್ಲಿರಸ್ತೆಗೆ ಕಾರನ್ನು ಒಯ್ಯಕೂಡದೆಂದು ಹೇಳುತ್ತವಾದ್ದರಿಂದ ಅದನ್ನು ಓದಿಯೇ ಸಹಿಮಾಡಬೇಕು. 1949ರಿಂದ ವರ್ಷವರ್ಷವೂ ಹೊಸದಾಗಿ ಅಚ್ಚಾಗುತ್ತಿರುವ ಮೈಲ್‌ಪೋಸ್ಟ್ ಎಂಬ ಮಾರ್ಗದರ್ಶಿಯನ್ನು ಪಕ್ಕದಲ್ಲಿ ಕೂಡುವವರ ಮಡಿಲಿಗೆ ಕೊಡಬೇಕು; ಯಾವ ಮೈಲಿಗಲ್ಲಿನ ಬಳಿ ಏನುಂಟೆಂಬುದನ್ನು ಅದು ಸಾಲುಸಾಲಾಗಿ ಹೇಳುತ್ತದೆ. ಅಕ್ಕಿ, ಬೇಳೆ, ತರಕಾರಿಗಳನ್ನು ಆಂಕರೇಜಿನಲ್ಲಿಯೇ ಕೊಂಡು, ಅಡುಗೆಮನೆಯುಳ್ಳ ಮರದ ಬಿಡಾರಗಳನ್ನು ಗೊತ್ತುಮಾಡಿಕೊಂಡರೆ, ಸಸ್ಯಾಹಾರಿಗಳು ಎಲ್ಲಿಯೂ ಉಪವಾಸವಿರಬೇಕಾಗುವುದಿಲ್ಲ.

ದಾರಿಯನ್ನು ನಾವೇ ಯೋಜಿಸುವಾಗ ನಾನು ಪಾಲಿಸುವ ನಿಯಮಗಳು ಎರಡು. ದಿನಕ್ಕೆ 200 ಮೈಲಿಯನ್ನು ಸಾಧ್ಯವಾದಮಟ್ಟಿಗೆ ಮೀರಕೂಡದು. ಒಂದು ದಿನವನ್ನಾದರೂ ಏನನ್ನೂ ಬರೆಯದೆ ಖಾಲಿ ಬಿಡಬೇಕು. ಎರಡನೆಯ ನಿಯಮವನ್ನು ಕಲಿಸಿದ್ದು ನನ್ನ ತಪ್ಪು. 2012ರಲ್ಲಿ ದಿನಕ್ಕೊಂದು ಊರಿನಂತೆ ಬರೆದಿಟ್ಟುಕೊಂಡು ಹೋಗಿದ್ದ ನಾನು, 20,310 ಅಡಿ ಎತ್ತರದ ಡೆನಾಲಿ ಪರ್ವತ ಮೋಡದ ಹಿಂದಿರುವಾಗಲೇ, ಮುಂದಿನ ಊರಿನ ಕೋಣೆಗೆ ಹಣ ಕಟ್ಟಿದೆಯೆಂಬ ಒಂದೇ ಕಾರಣಕ್ಕೆ ಹೊರಟುಬಿಟ್ಟೆ. ಅಲ್ಲಿಗೆ ಹೋದ ಮೂವರಲ್ಲಿ ಒಬ್ಬರಿಗೆ ಮಾತ್ರ ಆ ಪರ್ವತದ ದರ್ಶನವಾಗುವುದೆಂದು ಹೇಳುವರು. 2023ರಲ್ಲಿ ಖಾಲಿ ಬಿಟ್ಟಿದ್ದ ದಿನದಂದು, ರಾತ್ರಿ ಹತ್ತರ ಸುಮಾರಿಗೆ, ಮುಳುಗಲೊಲ್ಲದ ಜೂನ್ ತಿಂಗಳ ಬಿಸಿಲಿನಲ್ಲಿ ಮೋಡ ಸರಿದು ಶಿಖರ ಪೂರ್ತಿಯಾಗಿ ಹೊರಬಂದಿತು. ಅರ್ಧ ಗಂಟೆಯ ಕಾಲ ನನ್ನ ಪತ್ನಿಯೂ ನಾನೂ ಮಾತನಾಡಲಿಲ್ಲ. ಪರ್ವತವಿರುವ ಡೆನಾಲಿ ರಾಷ್ಟ್ರೀಯ ಉದ್ಯಾನದ ರಸ್ತೆ 92 ಮೈಲಿ. ಸ್ವಂತ ವಾಹನಕ್ಕೆ ಬೇಸಗೆಯಲ್ಲಿ ಮೊದಲ 15 ಮೈಲಿಯಷ್ಟೆ ಅನುಮತಿ. ಮುಂದಕ್ಕೆ ಹೋಗುವ ಬಸ್ಸುಗಳೂ 2021ರ ಭೂಕುಸಿತದ ತರುವಾಯ 43ನೆಯ ಮೈಲಿಯ ಸುಮಾರಿಗೇ ಹಿಂದಿರುಗತೊಡಗಿದ್ದವು.

ಆದರೆ ಈ ಲೇಖನದ ಹೃದಯವಿರುವುದು ದಕ್ಷಿಣದಲ್ಲಿ, ಆಂಕರೇಜಿನಿಂದ ಸುಮಾರು 125 ಮೈಲಿ ದೂರದ ಸೀವರ್ಡಿನ ಬಳಿ. ಅಲ್ಲಿಗೆ ಹೋಗುವ ಹೆದ್ದಾರಿ, 1778ರಲ್ಲಿ ಕ್ಯಾಪ್ಟನ್ ಕುಕ್ಕನ ಜನ ಹೊಕ್ಕು ದಾರಿ ಕಾಣದೆ ಮರಳಿದ ಟರ್ನಗೇನ್ ಎಂಬ ಕಡಲತೋಳಿನ ಅಂಚಿನಲ್ಲಿ ಸಾಗುತ್ತದೆ. 1964ರ ಮಾರ್ಚ್ 27ರಂದು ನಾಲ್ಕು ನಿಮಿಷಕ್ಕೂ ಮೀರಿ ನಡುಗಿದ, 9.2 ಪ್ರಮಾಣದ ಭೂಕಂಪದಲ್ಲಿ ನೆಲ ಕುಸಿದು ಉಪ್ಪುನೀರು ಕುಡಿದು ಸತ್ತ ಮರಗಳು ಪೋರ್ಟೇಜಿನ ಬಳಿ ಇಂದಿಗೂ ಬೂದುಬಣ್ಣದ ಕಂಬಗಳಂತೆ ನಿಂತಿವೆ. ಸೀವರ್ಡಿನ ಸಮೀಪದ ಎಕ್ಸಿಟ್ ಹಿಮನದಿಗೆ ಹೋಗುವ ದಾರಿಯಲ್ಲಿ, ಅನಂತರ ಕಾಲುಹಾದಿಯಲ್ಲಿ, ಚಿಕ್ಕ ಫಲಕಗಳುಂಟು. ಅವುಗಳ ಮೇಲೆ ಇಸವಿಯ ಹೊರತು ಮತ್ತೇನೂ ಇಲ್ಲ. 1917, 1951, 2005, 2010. ಆಯಾ ವರ್ಷ ಹಿಮದ ತುದಿ ಅಲ್ಲಿಯವರೆಗೆ ಇದ್ದಿತೆಂದು ಅರ್ಥ. ಮೊದಲ ಫಲಕಗಳ ಸುತ್ತ ಎತ್ತರದ ಕಾಡು, ಮುಂದೆ ಆಲ್ಡರ್ ಪೊದೆ, ಮತ್ತೆ ಪಾಚಿ, ಮತ್ತೆ ಬರಿಯ ಕಲ್ಲು: ಗ್ಲೇಷಿಯರ್ ಬೇಯಲ್ಲಿ 65 ಮೈಲಿಯುದ್ದಕ್ಕೆ ದೊಡ್ಡಕ್ಷರಗಳಲ್ಲಿ ಬರೆದಿದ್ದ ಗ್ರಂಥವನ್ನೇ ಇಲ್ಲಿ ಒಂದೆರಡು ಮೈಲಿಯಲ್ಲಿ ಸಣ್ಣಕ್ಷರಗಳಲ್ಲಿ ಬರೆದಿದೆ. ಹಡಗಿನಲ್ಲಿ ಅದನ್ನು ಮೊದಲೇ ಓದಿದವನಿಗೆ ಮಾತ್ರ ಈ ಕಾಲುಹಾದಿ ಬಾಯಿ ಬಿಡುತ್ತದೆ. 2012ರಲ್ಲಿ 2010ರ ಫಲಕದಿಂದ ಸ್ವಲ್ಪವೇ ಮುಂದೆ ಕಂಡಿದ್ದ ಹಿಮದ ಮೂತಿಯನ್ನು 2023ರಲ್ಲಿ ನಾನು ಅದೇ ಜಾಗದಲ್ಲಿ ನಿಂತು ಹುಡುಕಿದೆ. ಎದುರಿಗೆ ಒರೆದು ನುಣುಪಾದ ಬಂಡೆ, ಅದರ ಮೇಲೆ ಹರಿಯುವ ನೀರು, ಹಿಮ ದೂರದ ಇಳಿಜಾರಿಗೆ ಏರಿಹೋಗಿದ್ದಿತು. ನನ್ನ ಆಯುಷ್ಯದ ಹನ್ನೊಂದು ವರ್ಷಗಳನ್ನು ಯಾರೋ ಕಲ್ಲಿನ ಮೇಲೆ ಅಳೆದು ತೋರಿಸಿದಂತೆ ಆಯಿತು.

ಮುಂದಿನ ದಾರಿಯನ್ನು ಸಂಕ್ಷೇಪವಾಗಿ ಹೇಳುವೆನು. ಡೆನಾಲಿಯನ್ನು ಕಂಡು ಮರಳಿ, ಪೂರ್ವಕ್ಕೆ ತಿರುಗಿ, ರಸ್ತೆಯಿಂದಲೇ ಕಾಣುವ ಮಟನುಸ್ಕ ಹಿಮನದಿಯ ಬದಿಯಲ್ಲಿ ಹಾದು, ಗ್ಲೆನಲನ್ನಿನಲ್ಲಿ ರಾತ್ರಿ ಕಳೆದು, 1977ರಲ್ಲಿ ಮುಗಿದ 800 ಮೈಲಿಯ ತೈಲಕೊಳವೆಯ ಜೊತೆಜೊತೆಗೆ ಥಾಂಪ್ಸನ್ ಕಣಿವೆಹಾದಿಯನ್ನು ಇಳಿದರೆ ವಾಲ್ಡೀಸ್ ಎಂಬ ಬಂದರು. 1964ರ ಭೂಕಂಪದಲ್ಲಿ ಹಾಳಾಗಿ ಬೇರೊಂದು ಜಾಗದಲ್ಲಿ ಹೊಸದಾಗಿ ಕಟ್ಟಿದ ಊರು. ಅಲ್ಲಿಂದ ಬಂದ ದಾರಿಯಲ್ಲೇ ಹಿಂದಿರುಗದೆ ಕಾರಿನ ಸಮೇತ ವಿಟಿಯರಿನ ಫೆರಿಯನ್ನು ಹತ್ತತಕ್ಕದ್ದು. 1963ರಿಂದ ನಡೆಯುತ್ತಿರುವ ಈ ಫೆರಿಗಳ ಜಲಮಾರ್ಗವನ್ನು ಅಲಾಸ್ಕದ ಜನ ಸಮುದ್ರ ಹೆದ್ದಾರಿಯೆಂದೇ ಕರೆಯುವರು. ರಸ್ತೆ ಕೊನೆಗೊಂಡ ಕಡೆ ನೀರು ರಸ್ತೆಯಾಗುವ ನಾಡಿಗೆ ಅದು ಸಹಜವಾದ ಹೆಸರು.

ಕಾರನ್ನು ಕೆಳಗಿನ ಅಂತಸ್ತಿನಲ್ಲಿ ನಿಲ್ಲಿಸಿ ನಾವು ಮೇಲಕ್ಕೆ ಹೋದೆವು. 1980ರ ಸುಮಾರಿನಿಂದ 12 ಮೈಲಿಯಷ್ಟು ಹಿಂದೆ ಸರಿದಿರುವ ಕೊಲಂಬಿಯಾ ಹಿಮನದಿಯಿಂದ ಬಂದ ನೀಲಿಯ ಹೋಳುಗಳು ದೂರದಲ್ಲಿ ತೇಲುತ್ತಿದ್ದವು. ವಿಟಿಯರ್ ಸಮೀಪಿಸಿದಂತೆ, ಹತ್ತು ದಿನಗಳ ಹಿಂದೆ ದೊಡ್ಡ ಹಡಗಿನ ಎತ್ತರದಿಂದ ಬರಿಯ ಸೊಬಗೆಂದು ನೋಡಿದ್ದ ಅದೇ ದಡಗಳು ಮತ್ತೆ ಬಂದವು. ನನ್ನ ಪತ್ನಿ ಬಹಳ ಹೊತ್ತು ಒಂದು ಇಳಿಜಾರನ್ನೇ ನೋಡುತ್ತಿದ್ದವಳು, "ನೋಡಿ ಅಂದ್ರೆ, ಆ ಮೇಲಿನ ಬಂಡೆಗೆ ಇನ್ನೂ ಪಾಚಿ ಹಿಡಿದಿಲ್ಲ, ಕೆಳಗೆ ಆಲ್ಡರ್ ಮಾತ್ರ ಬಂದಿದೆ. ಅಲ್ಲಿ ಹಿಮ ಇದ್ದದ್ದು ತೀರ ಹಿಂದೇನಲ್ಲ, ಅಲ್ಲವೇನ್ರೀ?" ಎಂದಳು. ಅಲ್ಲಿ ಫಲಕವೂ ಇರಲಿಲ್ಲ, ಇಸವಿಯೂ ಇರಲಿಲ್ಲ.