ಮರಳಿ ಬಂದ ಎರಡನೆಯ ವಸ್ತು: ಮೊಟ್ಸಾರ್ಟನ ಜಿ ಮೈನರ್ ಸಿಂಫನಿಯಲ್ಲಿ ಸೊನಾಟಾ ರೂಪ

ಪಾಶ್ಚಾತ್ಯ ಸಂಗೀತದ ಕೈಪಿಡಿಗಳಲ್ಲಿ ಸೊನಾಟಾ ರೂಪದ ವಿವರಣೆ ಸಾಮಾನ್ಯವಾಗಿ ಮನೆಯೊಂದರ ನಕ್ಷೆಯಂತಿರುತ್ತದೆ: ಎರಡು ವಸ್ತುಗಳ ನಿರೂಪಣ, ಅವುಗಳ ವಿಸ್ತರಣ, ಮೂಲಸ್ಥಾನದಲ್ಲಿ ಅವುಗಳ ಪುನರಾಗಮನ, ಬೇಕಾದರೆ ಕೊನೆಗೊಂದು ಉಪಸಂಹಾರ. ನಕ್ಷೆ ಸುಳ್ಳಲ್ಲ, ಆದರೆ ನಕ್ಷೆಯನ್ನು ಬಲ್ಲವನು ಮನೆಯಲ್ಲಿ ಬಾಳಿದವನೇನೂ ಅಲ್ಲ. ಇಲ್ಲಿಯೂ ಲಕ್ಷ್ಯವೇ ಮೊದಲು ಹುಟ್ಟಿತು, ಲಕ್ಷಣ ಅದನ್ನು ಹಿಂಬಾಲಿಸಿತು. ಹೈಡನ್, ಮೊಟ್ಸಾರ್ಟರು ತಮ್ಮ ಸಿಂಫನಿಗಳನ್ನು ರಚಿಸಿ ಮುಗಿಸಿದ ಎಷ್ಟೋ ವರ್ಷಗಳ ತರುವಾಯ, 19ನೆಯ ಶತಮಾನದಲ್ಲಿ, ಎ. ಬಿ. ಮಾರ್ಕ್ಸ್ ಮೊದಲಾದ ಶಾಸ್ತ್ರಕಾರರು ಈ ರೂಪಕ್ಕೆ ಹೆಸರನ್ನೂ ವಿಸ್ತಾರವಾದ ಲಕ್ಷಣವನ್ನೂ ಕೊಟ್ಟರು. ಮೊಟ್ಸಾರ್ಟನ ಸಮಕಾಲೀನನಾದ ಕಾಖ್ ಎಂಬ ಶಾಸ್ತ್ರಕಾರನಿಗೆ ವಸ್ತುಗಳ ಎಣಿಕೆಗಿಂತ ಸ್ವರಸ್ಥಾನದ ಸಂಚಾರವೇ ಮುಖ್ಯವಾಗಿ ಕಂಡಿತ್ತು. ಹಾಗಾದರೆ ಈ ರೂಪ ಭಾವವನ್ನು ತುಂಬಿಡುವ ಪಾತ್ರೆ ಮಾತ್ರವೋ, ಅಥವಾ ಭಾವವನ್ನು ತಾನೇ ಹುಟ್ಟಿಸುವ ಶಕ್ತಿಯೋ? ಈ ಪ್ರಶ್ನೆಗೆ ಮೊಟ್ಸಾರ್ಟನ 40ನೆಯ ಸಿಂಫನಿಯ ಮೊದಲ ಭಾಗಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ.

1788ರ ಬೇಸಗೆಯಲ್ಲಿ ವಿಯೆನ್ನಾ ನಗರದಲ್ಲಿ ಮೊಟ್ಸಾರ್ಟನು ತನ್ನ ಕೊನೆಯ ಮೂರು ಸಿಂಫನಿಗಳನ್ನು ಬರೆದನು. ಅವನೇ ಇಟ್ಟುಕೊಂಡಿದ್ದ ಕೃತಿಗಳ ಪಟ್ಟಿಯಲ್ಲಿ ಅವು ಜೂನ್ 26, ಜುಲೈ 25, ಆಗಸ್ಟ್ 10ನೆಯ ತಾರೀಖುಗಳಲ್ಲಿ ದಾಖಲಾಗಿವೆ. ನಡುವಿನದೇ ಜಿ ಮೈನರ್ ಸಿಂಫನಿ. ಆ ದಿನಗಳಲ್ಲಿ ಅವನು ಗೆಳೆಯ ಪುಖ್‌ಬರ್ಗನಲ್ಲಿ ಸಾಲ ಬೇಡುತ್ತಿದ್ದನು. ಜೂನ್ 29ರಂದು ಅವನ ಹಸುಗೂಸು ತೆರೆಸಿಯಾ ತೀರಿಕೊಂಡಿತು. ಈ ದುಃಖವೇ ಕೃತಿಯಲ್ಲಿ ಹರಿದಿದೆ ಎನ್ನುವುದು ಸುಲಭ. ಆದರೆ ಅದೇ ಸಾಲ, ಅದೇ ಶೋಕದ ನಡುವೆಯೇ ಆಗಸ್ಟ್ ತಿಂಗಳ ‘ಜೂಪಿಟರ್’ ಸಿಂಫನಿ ವಿಜಯೋತ್ಸವದಂತೆ ಮೊಳಗಿತಲ್ಲ! ಮೇಲಾಗಿ, ಜಿ ಮೈನರ್ ಸಿಂಫನಿಯಲ್ಲಿ ಶೂಮನ್ನನಿಗೆ ಕೇಳಿಸಿದುದು ಶೋಕವಲ್ಲ, ಗ್ರೀಕ್ ಬಗೆಯ ಲಾಲಿತ್ಯ. ಆದುದರಿಂದ ಕವಿಯ ಮನೆಯ ವಾರ್ತೆಯನ್ನು ಬದಿಗಿಟ್ಟು, ಸಾಕ್ಷ್ಯವನ್ನು ಕೃತಿಯಲ್ಲಿಯೇ ಅರಸುವುದು ವಿಮರ್ಶೆಯ ಕರ್ತವ್ಯ.

ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಇಲ್ಲಿ ಮೊದಲು ಎದುರಾಗುವ ತೊಡಕು ಷಡ್ಜದ್ದು. ನಮ್ಮ ಸಂಗೀತದಲ್ಲಿ ಷಡ್ಜ ಅಚಲ. ಸಿಂಫನಿಯಲ್ಲಿ ಅದು ಸಂಚರಿಸುತ್ತದೆ. ಆಧಾರಶ್ರುತಿಯ ಆಸರೆಯಿಲ್ಲದೆ ಕೇಳುಗನು ಮೂಲಸ್ಥಾನವನ್ನು ನೆನಪಿನಲ್ಲಿಯೇ ಕಾಪಾಡಿಕೊಳ್ಳಬೇಕು. ಮೈನರ್ ಎಂಬುದನ್ನು ನಟಭೈರವಿ–ಕೀರವಾಣಿಗಳ ಸ್ವರಸಮೂಹಕ್ಕೂ, ಮೇಜರ್ ಎಂಬುದನ್ನು ಧೀರಶಂಕರಾಭರಣದ ಸ್ವರಸಮೂಹಕ್ಕೂ ಸ್ಥೂಲವಾಗಿ ಹೋಲಿಸಬಹುದು. ನಟಭೈರವಿಯ ಗಾಂಧಾರವನ್ನೇ ಷಡ್ಜವಾಗಿ ಗ್ರಹಿಸಿದರೆ ಶಂಕರಾಭರಣ ಮೂಡುವುದನ್ನು ಗ್ರಹಭೇದ ಬಲ್ಲವರೆಲ್ಲರೂ ಅರಿತಿರುವರು. ಜಿ ಮೈನರಿನಿಂದ ಬಿ ಫ್ಲಾಟ್ ಮೇಜರಿಗೆ ಹೋಗುವ ದಾರಿಯೂ ಇದೇ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ನಮ್ಮಲ್ಲಿ ಗ್ರಹಭೇದ ಕ್ಷಣಕಾಲದ ಚಮತ್ಕಾರ. ಅಲ್ಲಿ ಸ್ಥಾನಾಂತರವೇ ಕೃತಿಯ ಕಥೆ.

ಆ ಕಥೆಯ ಪ್ರಾರಂಭವೇ ವಿಲಕ್ಷಣವಾದುದು. ಭೇರಿಯಿಲ್ಲ, ಘೋಷಣೆಯಿಲ್ಲ, ವಿಯೋಲಗಳ ಮೆಲುದನಿಯ ಮಿಡಿತದ ಮೇಲೆ ಪಿಟೀಲುಗಳು ಮಾತಿನ ನಡುವೆ ಬಾಯ್ದೆರೆದಂತೆ ಮೊದಲ ವಸ್ತುವನ್ನು ಹಾಡುತ್ತವೆ. ಜಿ ಷಡ್ಜವೆಂದು ಭಾವಿಸಿದರೆ, ಶುದ್ಧ ಧೈವತದಿಂದ ಪಂಚಮಕ್ಕೆ ಇಳಿಯುವ ‘ಧ ಪ ಪ’ ಎಂಬ ನಿಟ್ಟುಸಿರು ಮೂರು ಬಾರಿ ಬಂದು, ತಾರಸ್ಥಾಯಿಯ ಗಾಂಧಾರಕ್ಕೆ ಹಾರುತ್ತದೆ. ವಸ್ತು ಎರಡನೆಯ ಸಲ ತೊಡಗಿದಾಗ ದಾರಿ ತಿರುಗುತ್ತದೆ. ಇಡೀ ವಾದ್ಯವೃಂದ ಬಿ ಫ್ಲಾಟ್ ಮೇಜರಿನಲ್ಲಿ ಒಮ್ಮೆಲೇ ಸಿಡಿದು, ಸುಮಾರು 15 ಬಾರುಗಳ ಸೇತುವೆಯನ್ನು ಕಟ್ಟುತ್ತದೆ. ಬಾರ್ ಎಂದರೆ ತಾಳದ ಒಂದು ಸುತ್ತು. ಆಮೇಲೆ ಒಂದು ಬಾರಿನಷ್ಟು ಪೂರ್ಣ ಮೌನ. ಮೌನದಿಂದೆದ್ದು ಬರುವುದು ಎರಡನೆಯ ವಸ್ತು. ತಂತಿವಾದ್ಯಗಳೂ ಊದುವ ವಾದ್ಯಗಳೂ ಒಂದೇ ವಾಕ್ಯವನ್ನು ಹಂಚಿಕೊಂಡು ನುಡಿಸುತ್ತವೆ. ಪಂಚಮದಿಂದ ಪ್ರತಿಮಧ್ಯಮ, ಅಲ್ಲಿಂದ ಶುದ್ಧಮಧ್ಯಮ: ಹೀಗೆ ಅರ್ಧಸ್ವರಗಳಲ್ಲಿ ಜಾರುವ ಈ ವಾಕ್ಯದಲ್ಲಿಯೂ ಮೊದಲ ವಸ್ತುವಿನ ನಿಟ್ಟುಸಿರಿನ ಬೀಜವಿದೆ. ಆದರೆ ಮೇಜರಿನ ನೆಲೆಯಲ್ಲಿ ಆ ಜಾರುವಿಕೆ ನೋವಾಗದೆ ಒಂದು ಬಗೆಯ ವಿಲಾಸವಾಗಿದೆ. ನಿರೂಪಣಖಂಡದ 100 ಬಾರುಗಳು ಈ ಬಿಡುಗಡೆಯ ಸ್ಥಾನದಲ್ಲಿಯೇ ಮುಗಿಯುತ್ತವೆ.

ವಿಸ್ತರಣಖಂಡದ ಮೊದಲ ಹೆಜ್ಜೆಯೇ ಕೇಳುಗನ ನೆಲೆಯನ್ನು ಕಳಚುತ್ತದೆ. ಮೂಲಸ್ಥಾನದಿಂದ ಕೇವಲ ಅರ್ಧಸ್ವರ ಕೆಳಗಿರುವ, ಆದರೆ ಸಂಬಂಧದಲ್ಲಿ ಬಹುದೂರವಾದ ಎಫ್ ಶಾರ್ಪ್ ಮೈನರಿನಲ್ಲಿ ಮೊದಲ ವಸ್ತು ಕೇಳಿಬರುತ್ತದೆ. ಷಡ್ಜದ ಕಡೆಗೆ ಸದಾ ಬಾಗಿರುವ ಕಾಕಲಿ ನಿಷಾದವೇ ಷಡ್ಜದ ಪೀಠವನ್ನೇರಿದಂತೆ! ಮುಂದೆ ವಸ್ತು ಮಂದ್ರ ವಾದ್ಯಗಳಿಗಿಳಿದು, ಪಿಟೀಲುಗಳ ಕಟು ಪ್ರತಿವಾಕ್ಯದೊಡನೆ ಸೆಣಸುತ್ತದೆ. ಸ್ಥಾನದಿಂದ ಸ್ಥಾನಕ್ಕೆ ಅಟ್ಟಲ್ಪಟ್ಟು ಸವೆಯುತ್ತ ಬಂದು, ಕೊನೆಗೆ ಮೂರು ಸ್ವರಗಳ ನಿಟ್ಟುಸಿರು ಮಾತ್ರ ಉಳಿಯುತ್ತದೆ. ಗಮನಿಸಬೇಕಾದುದೆಂದರೆ, ಈ ಖಂಡದುದ್ದಕ್ಕೂ ದುಡಿಯುವುದು ಮೊದಲ ವಸ್ತು ಒಂದೇ. ಎರಡನೆಯ ವಸ್ತುವಿನ ಸುಳಿವೇ ಇಲ್ಲ. ಈ ಹೋರಾಟ ಅದನ್ನು ಮುಟ್ಟಲಿಲ್ಲ. ಅದು ಕೇಳುಗನ ನೆನಪಿನಲ್ಲಿ ಮೇಜರಿನ ಕಾಂತಿಯೊಡನೆ ಅಕ್ಷತವಾಗಿ ಉಳಿದಿದೆ.

ಊದುವ ವಾದ್ಯಗಳು ಇನ್ನೂ ಇಳಿಯುತ್ತಿರುವಾಗಲೇ ಪಿಟೀಲುಗಳು ಸದ್ದಿಲ್ಲದೆ ಮೊದಲ ವಸ್ತುವನ್ನು ಎತ್ತಿಕೊಳ್ಳುತ್ತವೆ. ಪುನರಾಗಮನ ಹೀಗೆ ಆರಂಭವಾಗುತ್ತದೆ. ಕೃತಿಯ ಮರ್ಮವಿರುವುದು ಮುಂದಿನ ಸೇತುವೆಯಲ್ಲಿ. ನಿರೂಪಣದಲ್ಲಿ ಬಿ ಫ್ಲಾಟ್ ಮೇಜರಿನಲ್ಲಿ ಸಿಡಿದ ವಾಕ್ಯ ಈಗ ಇ ಫ್ಲಾಟ್ ಮೇಜರಿನಲ್ಲಿ ಸಿಡಿಯುತ್ತದೆ. ಬಾಗಿಲು ಮತ್ತೆ ತೆರೆಯಿತೆಂದು ಕೇಳುಗನು ಭಾವಿಸಿದರೆ ಅದು ಸಹಜವೇ. ಆದರೆ ಸಂಗೀತ ಎಫ್ ಮೈನರಿಗೆ ಹೊರಳಿ, ಮಂದ್ರ ವಾದ್ಯಗಳೂ ಪಿಟೀಲುಗಳೂ ಒಂದನ್ನೊಂದು ಬೆನ್ನಟ್ಟಿ, ಸೇತುವೆ ಮೊದಲಿನ ಎರಡು ಪಟ್ಟಿಗೂ ಮಿಕ್ಕಿ, ಸುಮಾರು 35 ಬಾರುಗಳವರೆಗೆ ಬೆಳೆಯುತ್ತದೆ. ಮೂಲಸ್ಥಾನವನ್ನು ಬಿಟ್ಟು ಹೋಗಬೇಕಾಗಿದ್ದಾಗ ದಾರಿ ಕಿರಿದಾಗಿತ್ತು. ಅಲ್ಲಿಯೇ ಉಳಿಯಬೇಕಾದಾಗ ಹೆದ್ದಾರಿಯಾಯಿತು. ಮತ್ತೆ ಅದೇ ಮೌನ. ಅನಂತರ ಎರಡನೆಯ ವಸ್ತು ಬರುತ್ತದೆ, ಜಿ ಮೈನರಿನಲ್ಲಿ. ಪಂಚಮದಿಂದ ಮಧ್ಯಮಕ್ಕೆ ಜಾರುವ ಹೆಜ್ಜೆಗಳು ಅವೇ. ಮುಂದೆ ಕಾಲೂರುವ ಗಾಂಧಾರ ಮಾತ್ರ ಅಂತರವಲ್ಲ, ಸಾಧಾರಣ. ಹಿಂದೆ ವಿಲಾಸವಾಗಿದ್ದುದು ಈಗ ಪ್ರಲಾಪ. ಒಂದು ವಸ್ತುವನ್ನು ಮತ್ತೆ ಹೇಳುವುದು ಬೇರೆ, ಅದರ ವಿಧಿಯನ್ನು ಹೇಳುವುದು ಬೇರೆ. ಇಲ್ಲಿ ಪುನರುಕ್ತಿಯೇ ವಿಧಿಯಾಗಿದೆ.

ಇದು ನಿಯಮದ ಬಲವಂತವಲ್ಲವೇ ಎಂಬ ಆಕ್ಷೇಪಣೆ ಬರಬಹುದು. ಅದಕ್ಕೆ ಉತ್ತರ ಹೈಡನ್ನನ 83ನೆಯ ಸಿಂಫನಿಯಲ್ಲಿದೆ. 1785ರಲ್ಲಿ ಪ್ಯಾರಿಸ್ಸಿಗಾಗಿ ಬರೆದ ಆ ಕೃತಿಯ ಸ್ಥಾನವೂ ಜಿ ಮೈನರೇ. ಅಲ್ಲಿ ಎರಡನೆಯ ವಸ್ತು ಜಿ ಮೇಜರಿನಲ್ಲಿ ಮರಳಿ, ಮೊದಲ ಭಾಗ ಪ್ರಸನ್ನವಾಗಿ ಕೊನೆಗಾಣುತ್ತದೆ. ಬೇತೋವನ್ನನ 1808ರ 5ನೆಯ ಸಿಂಫನಿಯಲ್ಲಿ ಎರಡನೆಯ ವಸ್ತು ಮೇಜರಿನಲ್ಲಿ ಮರಳಿದರೂ, ಉಪಸಂಹಾರ ಅದನ್ನು ಮತ್ತೆ ಮೈನರಿಗೆ ಎಳೆದು ತರುತ್ತದೆ. ರೂಪ ಒಂದೇ, ತೀರ್ಪು ಮೂರು. ವಸ್ತು ಮೂಲಷಡ್ಜಕ್ಕೆ ಮರಳಬೇಕೆಂಬುದಷ್ಟೇ ನಿಯಮ. ಯಾವ ಮುಖದಿಂದ ಮರಳಬೇಕೆಂಬುದನ್ನು ನಿರ್ಧರಿಸುವವನು ಕಲಾವಿದ. ಮೈನರಿನಲ್ಲಿಯೇ ಮುಗಿಸುವುದು ಮೊಟ್ಸಾರ್ಟನಿಗೆ ಹೊಸದೂ ಅಲ್ಲ. 1773ರ ಮೊದಲ ಜಿ ಮೈನರ್ ಸಿಂಫನಿಯಲ್ಲಿಯೂ ಅವನು ಹಾಗೆಯೇ ಮಾಡಿದ್ದನು. 1788ರಲ್ಲಿ ಹೊಸದೆಂದರೆ ಆ ನೀಳವಾದ ಸೇತುವೆ: ಬಿಡುಗಡೆಯ ಸಾಧ್ಯತೆಯನ್ನು ಕೇಳುಗನ ಕೈಗಿತ್ತು, ಅವನ ಕಣ್ಣೆದುರಿನಲ್ಲಿಯೇ ಹಿಂದಕ್ಕೆ ಪಡೆಯುವ ಕ್ರಮ.

ಹೀಗೆ ಈ ಭಾಗದ ದುಃಖ ಮೈನರ್ ಸ್ವರಸಮೂಹದಲ್ಲಿಲ್ಲ, 1788ರ ಸಾಲಪತ್ರಗಳಲ್ಲಿಯೂ ಇಲ್ಲ. ನೂರಕ್ಕೂ ಹೆಚ್ಚು ಬಾರುಗಳ ಹಿಂದೆ ಕೇಳಿದ ಒಂದು ಸುಖದ ವಾಕ್ಯಕ್ಕೂ, ಈಗ ಕೇಳುತ್ತಿರುವ ಅದೇ ವಾಕ್ಯಕ್ಕೂ ನಡುವಿನ ಅಂತರದಲ್ಲಿ ಅದು ಹುಟ್ಟುತ್ತದೆ. ಆ ಅಂತರವನ್ನು ಅಳೆಯಬಲ್ಲುದು ನೆನಪೊಂದೇ. ಆ ನೆನಪನ್ನು ಕಟ್ಟಿಕೊಡುವುದೇ ಸೊನಾಟಾ ರೂಪ. ಉಪಸಂಹಾರದಲ್ಲಿ ತಂತಿವಾದ್ಯಗಳು ಒಂದರ ಹಿಂದೊಂದು ‘ಧ ಪ ಪ’ ಎಂದು ಮೆಲ್ಲಗೆ ಉಸಿರಿದ ಮೇಲೆ, ಇಡೀ ವಾದ್ಯವೃಂದ ಜಿ ಮೈನರಿನ ಗಟ್ಟಿ ಹೊಡೆತಗಳಿಂದ ಬಾಗಿಲನ್ನು ಮುಚ್ಚುತ್ತದೆ. ರೂಪದ ವಿಶ್ಲೇಷಣೆ ರಸಕ್ಕೆ ಹಗೆಯೆಂದು ನಂಬಿರುವ ರಸಿಕರು ಆ ಕೊನೆಯ ಬಾರುಗಳನ್ನು, ಎರಡನೆಯ ವಸ್ತುವನ್ನು ನೆನಪಿನಲ್ಲಿಟ್ಟುಕೊಂಡು, ಇನ್ನೊಮ್ಮೆ ಕೇಳಬೇಕು.