ಕುಂಡೆ ಹಬ್ಬದ ಉಡುಪು, ನಮ್ಮ ಗೆಳೆಯರ ನಾಚಿಕೆ

ಕುಂಡೆ ಹಬ್ಬವನ್ನು ನಿಲ್ಲಿಸಬೇಕು ಎಂದು ನಮ್ಮ ಗೆಳೆಯರಲ್ಲೇ ಕೆಲವರು ವಾದಿಸುತ್ತಿದ್ದಾರೆ. ಓದಿದ ಹುಡುಗರು, ಹಾಡಿಗಳಲ್ಲಿ ಓಡಾಡಿ ಕೆಲಸ ಮಾಡುವವರು. ಕುಡಿತ, ಭಿಕ್ಷೆ, ಹೊಲಸು ಬಾಯಿ, ಇದೇನು ಸಂಸ್ಕೃತಿ ಕಣ್ರೀ ಎನ್ನುತ್ತಾರೆ. ಈ ಮಾತಿಗೆ ಉತ್ತರ ಕೊಡುವ ಮೊದಲು ಆ ಹಬ್ಬವನ್ನು ಒಂದು ಕಲೆಯಾಗಿ ನೋಡಬೇಕು ಅಂತ ನಮಗೆ ಅನ್ನಿಸುತ್ತದೆ. ಯಾಕೆಂದರೆ ಇದಕ್ಕೆ ಹತ್ತಿರದ ಕೆಲಸವನ್ನು ಪ್ಯಾರಿಸ್ಸು, ನ್ಯೂಯಾರ್ಕಿನಲ್ಲಿ ಮಾಡಿದಾಗ ಅದನ್ನು ಕಲೆ ಎಂದೇ ಕರೆದಿದ್ದಾರೆ.

1996ರ ಅಕ್ಟೋಬರಿನಲ್ಲಿ ಜಪಾನಿನ ರೇ ಕವಾಕುಬೊ ಎಂಬಾಕೆ ಪ್ಯಾರಿಸ್ಸಿನ ಫ್ಯಾಷನ್ ಶೋನಲ್ಲಿ ವಿಚಿತ್ರ ಉಡುಪುಗಳನ್ನು ತೋರಿಸಿದರು. ಬಟ್ಟೆಯೊಳಗೆ ಮೆತ್ತೆ ತುರುಕಿ ಬೆನ್ನಿಗೆ ಗೂನು, ಸೊಂಟಕ್ಕೆ ಗಡ್ಡೆ, ಹೆಗಲಿಗೆ ಬಾವು ಬರಿಸಿದ್ದರು. ಮಾರನೆಯ ವರ್ಷ ಮರ್ಸ್ ಕನಿಂಗ್‌ಹ್ಯಾಮರ ನೃತ್ಯತಂಡ ಅಂಥವೇ ಉಡುಪು ತೊಟ್ಟು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕುಣಿಯಿತು. ನೃತ್ಯದ ಹೆಸರು ‘ಸಿನಾರಿಯೊ’. ಅದರ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿದೆವು. ಮೊದಲು ಪಟ್ಟೆ, ಚೌಕುಳಿ, ಆಮೇಲೆ ಕಪ್ಪು, ಆಮೇಲೆ ಕೆಂಪು. ಮೈ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ನಮಗೆ ನಗು ಬರಲಿಲ್ಲ. ಹೆಣ್ಣಿನ ಸೊಂಟ ಇಲ್ಲೇ ಇರಬೇಕು, ಎದೆ ಹೀಗೇ ಇರಬೇಕು ಅಂತ ಹೇಳಿದವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ.

ಈಗ ನಮ್ಮ ಕಡೆಗೆ ಬನ್ನಿ. ವೀರನಹೊಸಹಳ್ಳಿಯ ಗೇಟು ದಾಟಿದರೆ ನಾಗರಹೊಳೆ ಕಾಡು, ಕಾಡಿನಾಚೆ ಕೊಡಗು. ಇನ್ನೊಂದು ದಾರಿ ಹುಣಸೂರಿನಿಂದ ಆನೆಚೌಕೂರು, ತಿತಿಮತಿ ಮೇಲೆ ದೇವರಪುರಕ್ಕೆ ಹೋಗುತ್ತದೆ. ಮೇ ತಿಂಗಳ ಕೊನೆಯ ಭಾಗದಲ್ಲಿ ಒಂದು ಗುರುವಾರ ಅಲ್ಲಿನ ಅಯ್ಯಪ್ಪ, ಭದ್ರಕಾಳಿ ಗುಡಿಯ ಮುಂದೆ ಜೇನುಕುರುಬರು, ಬೆಟ್ಟಕುರುಬರು, ಯರವರು ಸೇರುತ್ತಾರೆ. ಬೇಡು ಹಬ್ಬ ಅಂತಲೂ ಇದಕ್ಕೆ ಹೆಸರುಂಟು. ಕಥೆ ಇಷ್ಟೇ. ಕಾಡಿನವರನ್ನು ಬೇಟೆಗೆ ಕರಕೊಂಡು ಬಂದ ಅಯ್ಯಪ್ಪ ಭದ್ರಕಾಳಿಗೆ ಮನಸೋತು ಇವರನ್ನು ನಡುದಾರಿಯಲ್ಲಿ ಬಿಟ್ಟ. ಕೈಕೊಟ್ಟ ಆ ದೇವರಿಗೆ ವರ್ಷಕ್ಕೊಂದು ದಿನ ಬಾಯಿತುಂಬ ಬೈಗುಳ.

ಬೈಯಲು ಹೊರಟವರು ಗಂಡಸರೇ ಹೆಚ್ಚು, ಹೆಣ್ಣುಡುಗೆ ತೊಟ್ಟಿರುತ್ತಾರೆ. ಹರಕು ಸೀರೆ, ಯಾರೋ ಬಿಸಾಕಿದ ನೈಟಿ, ಗೊಬ್ಬರದ ಚೀಲ, ರಟ್ಟು, ಸೊಪ್ಪು. ಎದೆಗೂ ಕುಂಡೆಗೂ ಚಿಂದಿ ತುರುಕಿ ಉಬ್ಬಿಸುತ್ತಾರೆ. ಮುಖಕ್ಕೆ ಮಸಿ. ಕೈಯಲ್ಲಿ ಸೋರೆಬುರುಡೆ, ತಗಡಿನ ಡಬ್ಬ, ಪ್ಲಾಸ್ಟಿಕ್ ಡ್ರಮ್ಮು. ಅದನ್ನೇ ಬಡಿದು ಅದಕ್ಕೇ ಕುಣಿತ. ನ್ಯೂಯಾರ್ಕಿನಲ್ಲಿ ಉಡುಪು ಕವಾಕುಬೊ ಅವರದು, ಹೆಜ್ಜೆ ಕನಿಂಗ್‌ಹ್ಯಾಮರದು, ಸಂಗೀತ ತಕೆಹಿಸಾ ಕೊಸುಗಿಯದು, ಕುಣಿದವರು ಬೇರೆ. ಇಲ್ಲಿ ಎಲ್ಲವೂ ಒಬ್ಬನೇ, ಅವನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಫೋಟೊ ಬರುತ್ತೆ, ಕೆಳಗೆ ‘ವಿಚಿತ್ರ ಆಚರಣೆ’ ಅಂತ.

ಆದರೆ ನಮಗೆ ದೊಡ್ಡದಾಗಿ ಕಂಡ ವ್ಯತ್ಯಾಸ ನೋಡುವವರದು. ಅಲ್ಲಿ ಟಿಕೆಟ್ ಕೊಂಡವರು ಕತ್ತಲಲ್ಲಿ ಸುಮ್ಮನೆ ಕೂತಿರುತ್ತಾರೆ. ಇಲ್ಲಿ ಕಾರು ತಡೆದು, ಕಿಟಕಿಗೆ ಮುಖ ಕೊಟ್ಟು ಬೈದು ಕಾಸು ಕೇಳುತ್ತಾರೆ. ವೀರನಹೊಸಹಳ್ಳಿಯ ಗೇಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಫಾರಿ ಗಾಡಿ ಸಲೀಸಾಗಿ ಒಳಗೆ ಹೋಗುತ್ತದೆ. ಜೇನು ಕೀಳುತ್ತಿದ್ದವನು ಮಾತ್ರ ಎಲ್ಲಿಗೆ, ಯಾಕೆ ಅಂತ ಉತ್ತರ ಹೇಳಬೇಕು. 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಕಾಡಿನಿಂದ ಎಬ್ಬಿಸಿದವರಿಗೆ ನಾಗಾಪುರವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಅಲೆಯುವುದು ತಪ್ಪಿಲ್ಲ. ವರ್ಷವೆಲ್ಲ ಹೀಗೆ ತಡೆಸಿಕೊಂಡವನು ಒಂದು ದಿನ ಕುಂಡೆ ಉಬ್ಬಿಸಿಕೊಂಡು ರಸ್ತೆಗೆ ಅಡ್ಡ ನಿಲ್ಲುತ್ತಾನೆ. ಇದು ಭಿಕ್ಷೆಯಾದರೆ ಸಫಾರಿ ಟಿಕೆಟ್ಟಿಗೂ ಅದೇ ಹೆಸರಿಡಿ.

ನಿಲ್ಲಿಸಿ ಅನ್ನುವವರು ಚಂದ್ರಗುತ್ತಿಯನ್ನು ನೆನಪಿಸುತ್ತಾರೆ. 1986ರಲ್ಲಿ ಸೊರಬ ತಾಲ್ಲೂಕಿನ ಆ ಊರಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರಿಗೆ ಏಟು ಬಿತ್ತು, ಪೊಲೀಸರ ಬಟ್ಟೆಯನ್ನೇ ಕಿತ್ತು ಮೆರವಣಿಗೆ ಮಾಡಿದರು. ಆ ಹೋರಾಟ ನಮ್ಮದು, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ನಮ್ಮ ಹೆಣ್ಣುಮಕ್ಕಳು ಬಟ್ಟೆ ಕಳಚಿ ದೇವರಿಗೆ ಶರಣಾಗಬೇಕಿತ್ತು. ಇಲ್ಲಿ ಹಾಡಿಯವನು ಸಿಕ್ಕಿದ್ದನ್ನೆಲ್ಲ ಉಟ್ಟುಕೊಂಡು ದೇವರನ್ನು ವಿಚಾರಿಸಿಕೊಳ್ಳುತ್ತಾನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಕೇರಿಯ ತಮಟೆಯನ್ನೂ ಒಂದು ಕಾಲಕ್ಕೆ ಬಿಡಿ ಬಿಡಿ ಅಂದವರು ನಾವೇ; ಆಮೇಲೆ ಅದನ್ನೇ ಬಡಿದುಕೊಂಡು ಜಾಥಾ ಹೊರಟೆವು.

ಹಾಗಂತ ಇದನ್ನು ಬಂಡಾಯ ಅಂತ ಹೊತ್ತು ಮೆರೆಸುವುದೂ ಬೇಡ. ಬೈಸಿಕೊಂಡ ಎಸ್ಟೇಟ್ ಸಾಹುಕಾರ ನಕ್ಕು ನೋಟು ಕೊಡುತ್ತಾನೆ. ಮಾರನೆ ದಿನ ಅವನ ಲೈನ್ ಮನೆ, ಅವನ ಮುಂಗಡದ ಲೆಕ್ಕ ಹಾಗೇ ಇರುತ್ತೆ. ಬೈದ ದೇವರಿಗೇ ತಪ್ಪಾಯ್ತು ಅಂತ ಕೈಮುಗಿದು ಬರುವುದೂ ಉಂಟು. ಇದಕ್ಕಿಂತ ಕಷ್ಟದ ಮಾತೊಂದಿದೆ. ಕೈಕೊಟ್ಟವನು ಅಯ್ಯಪ್ಪ, ಬೈಗುಳ ಹೋಗಿ ತಾಗುವುದು ಹೆಣ್ಣಿನ ಮೈಗೆ. ಕವಾಕುಬೊ ಹೆಣ್ಣಿನ ಆಕಾರವನ್ನು ಮುರಿದರು, ನಮ್ಮವರು ಅದನ್ನೇ ದೊಡ್ಡದು ಮಾಡಿ ನಗುತ್ತಾರೆ. ಈ ಒಂದು ವಿಷಯದಲ್ಲಿ ಆ ಜಪಾನಿನ ಹೆಂಗಸು ಮುಂದೆ ಹೋಗಿದ್ದಾರೆ, ಒಪ್ಪಲೇಬೇಕು. ಗಂಡ ಉಟ್ಟು ಕುಣಿಯುವ ಆ ಹರಕು ಸೀರೆ ವರ್ಷವೆಲ್ಲ ಕಾಫಿ ಗಿಡದ ನಡುವೆ ಬಾಗಿ ದುಡಿದವಳದು.

ಆಶ್ರಮ ಶಾಲೆಗಳ ಮೇಷ್ಟ್ರುಗಳು, ಸಂಘದ ಗೆಳೆಯರು ಹಬ್ಬ ನಿಲ್ಲಿಸಿ ಎಂಬ ಕರಪತ್ರ ಹಂಚುವ ಮುಂಚೆ ಹಾಡಿಯ ಹೆಂಗಸರ ಹತ್ತಿರ ಒಂದು ಗಳಿಗೆ ಕೂರಬೇಕು. ಹಾಗೆ ಉಟ್ಟು ರಸ್ತೆಗೆ ನಿಲ್ಲುವ ಸರದಿ ನಿಮಗೆ ಬಂದರೆ ಯಾರನ್ನು ಬೈತೀರಿ ಅಕ್ಕ, ಅಂತ ಕೇಳಬೇಕು. ಸಾಹುಕಾರನನ್ನೋ, ಫಾರೆಸ್ಟ್ ಗಾರ್ಡನನ್ನೋ, ಕುಡಿದು ಬಂದ ಗಂಡನನ್ನೋ, ಕರಪತ್ರ ಹಿಡಿದುಬಂದ ನಮ್ಮನ್ನೋ.