ರಕ್ತನಾಳದ ರಿಪೇರಿಗಾರರು
ರಕ್ತನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹಾಸು. ಹೆಂಚಿನಂತೆ ಅಂಚಿಗೆ ಅಂಚು ಕೂಡಿಸಿ ಕೂತ ಎಂಡೋಥೀಲಿಯಂ ಅದು. ಒಂದು ಕೋಶ ಉದುರಿದರೂ ಆ ಜಾಗ ಬರಿದಾಗಿ ಉಳಿಯುವಂತಿಲ್ಲ. ಪಕ್ಕದ ಕೋಶಗಳೇ ಜರುಗಿ ಅದನ್ನು ಮುಚ್ಚುತ್ತವೆ ಎಂದು ಬಹುಕಾಲ ನಂಬಿಕೆಯಿತ್ತು. 1997ರಲ್ಲಿ ಸಂಶೋಧಕ ತಕಾಯುಕಿ ಅಸಹಾರಾ ಮತ್ತು ಸಂಗಡಿಗರು, ಎಂಡೋಥೀಲಿಯಂ ಆಗಿ ಬೆಳೆಯಬಲ್ಲ ಕೋಶಗಳು ಹರಿಯುವ ರಕ್ತದಲ್ಲೂ ಇವೆ ಎಂದು ತೋರಿಸಿದರು. ಅವುಗಳಲ್ಲಿ ಯಾವುವು ತಾವೇ ಒಳಪದರವಾಗುತ್ತವೆ, ಯಾವುವು ಬರೀ ಸಂಕೇತ ಕಳಿಸಿ ನೆರವಾಗುತ್ತವೆ ಎಂಬ ಚರ್ಚೆ ಆಮೇಲೂ ನಡೆದಿದೆ.

ನನಗೆ ಬೆರಗೆನಿಸುವುದು ರಕ್ತದಲ್ಲಿ ಹರಿಯುವ ಈ ಕೋಶಗಳ ಸಿದ್ಧತೆ. ಗಾಯದ ಜಾಗದಲ್ಲಿ ಆಮ್ಲಜನಕದ ಉಗ್ರ ಅಣುಗಳು ತುಂಬಿರುತ್ತವೆ. ಅಲ್ಲಿಗೇ ಹೋಗಬೇಕಾದ ಈ ಕೋಶಗಳು ರಕ್ಷಣೆಯ ಕಿಣ್ವಗಳನ್ನು ಮಾಮೂಲಿ ಎಂಡೋಥೀಲಿಯಂ ಕೋಶಗಳಿಗಿಂತ ಹೆಚ್ಚಾಗಿಯೇ ಇಟ್ಟುಕೊಂಡಿರುತ್ತವೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಉಗ್ರ ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅದನ್ನೂ ನಿರಪಾಯ ಮಾಡುತ್ತವೆ. ಎಷ್ಟು ಅಚ್ಚುಕಟ್ಟು!

ಆದರೆ ಸಕ್ಕರೆ ಕಾಯಿಲೆ, ಸಿಗರೇಟು ದಿನವೂ ಕಾಡಿದರೆ ಈ ರಕ್ಷಣೆಯೂ ಸಾಲದು. ಸೂಪರಾಕ್ಸೈಡ್ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ. ಈ ರಿಪೇರಿ ಕೋಶಗಳು ಮೂಳೆಮಜ್ಜೆಯಿಂದ ಹೊರಡಲು, ಗಾಯದತ್ತ ಸಾಗಲು ಬೇಕಾದದ್ದೇ ಆ ನೈಟ್ರಿಕ್ ಆಕ್ಸೈಡ್. ಹೀಗಾಗಿ ಕೋಶಗಳ ಸಂಖ್ಯೆ ಇಳಿಯುತ್ತದೆ, ಓಡಾಟ ಕುಂದುತ್ತದೆ. ಸಿಗರೇಟು ಬಿಟ್ಟವರ ರಕ್ತದಲ್ಲಿ ಕೆಲವೇ ವಾರಗಳಲ್ಲಿ ಇವು ಮತ್ತೆ ಹೆಚ್ಚಿದ್ದನ್ನು ಸಂಶೋಧಕರು ಎಣಿಸಿ ನೋಡಿದ್ದಾರೆ.